ಮೊದಲು ಶ್ರುತಿ ಇಳಿಸಿ ನೋಡಿ

ಉಡುಪಿಯ ನಿಮ್ಮ ಚರ್ಚಿನ ಸಭೆಯಲ್ಲಿ ಕ್ವಾಯರ್ (ಗಾಯಕರ ತಂಡ) ಮಾತ್ರ ಹಾಡುತ್ತದೆ, ಉಳಿದವರು ಸುಮ್ನೆ ನಿಂತಿರುತ್ತಾರೆ, ಅವರನ್ನೂ ಹಾಡಿಸುವುದು ಹೇಗೆ ಅಂತ ಕೇಳಿದ್ದೀರಿ. ಶ್ರುತಿ ಜಾಸ್ತಿ ಇರಬಹುದು. ನಮ್ಮ ಎಷ್ಟೋ ಗೀತೆಗಳ ರಾಗ ಜರ್ಮನ್ ಮೂಲದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ ಎಂಬ ಕ್ರೈಸ್ತ ಸಂಸ್ಥೆಯವರಿಂದ ಸಿಕ್ಕಿದ ಆಸ್ತಿ ಅದು. ನಾಲ್ಕು ಧ್ವನಿಯಲ್ಲಿ ಹಾಡುವಾಗ ಮೇಲಿನ ಸ್ವರ ಸೊಪ್ರಾನೊದವರಿಗೆ, ಅಂದರೆ ಎತ್ತರದ ಹೆಣ್ಣು ಧ್ವನಿಯವರಿಗೆ, ಸಲೀಸು. ಆದರೆ ಬೆಂಚಿನಲ್ಲಿರುವ ಅಜ್ಜ ಅದನ್ನೇ ಹಾಡಬೇಕಲ್ವಾ? ಕೀಬೋರ್ಡಿನಲ್ಲಿ ಶ್ರುತಿಯನ್ನು ಎರಡು ಮನೆ (ಕಪ್ಪು-ಬಿಳಿ ಎರಡೂ ಕೀಗಳನ್ನು ಎಣಿಸಿ) ಇಳಿಸಿ.

ಶುರುವಿಗೆ ಕೊನೆಯ ಸಾಲನ್ನು ಹಾಡುವ ವೇಗದಲ್ಲೇ ನುಡಿಸಿ. ಚರಣಗಳ ನಡುವೆ ಉಸಿರಿಗೆ ಜಾಗ ಬಿಡಿ, ಪ್ರತಿ ಸಲವೂ ಅಷ್ಟೇ. ಹೊಸ ಹಾಡು ತಿಂಗಳಿಗೆ ಒಂದೇ ಸಾಕು, ಆರಾಧನೆಗೆ ಮುಂಚೆ ಕಲಿಸಿ.

ನಮ್ಮಲ್ಲಿ ಒಮ್ಮೆ ಕೊನೆಯ ಚರಣಕ್ಕೆ ವಾದ್ಯ ನಿಲ್ಲಿಸಿದೆವು. ಹಿಂದಿನ ಬೆಂಚಿನವರ ಧ್ವನಿ ಅವತ್ತೇ ಮೊದಲು ಕೇಳಿಸಿದ್ದು. ನನಗೆ ಕಣ್ಣು ತುಂಬಿ ಬಂತು.