“ಪುಸ್ತಕದಲ್ಲಿದೆ ಮಿಸ್” ಅನ್ನುವ ಮಕ್ಕಳಿಗೆ ವಾದ ಕಲಿಸೋದು ಹೇಗೆ

ಮೇಡಂ, ವಿಜ್ಞಾನ ತರಗತಿಯಲ್ಲಿ ಮಕ್ಕಳಿಗೆ ಪುರಾವೆ ಇಟ್ಟು ವಾದ ಮಾಡೋದು ಹೇಗೆ ಕಲಿಸಲಿ ಅಂತ ಕೇಳಿದ್ದೀರಿ. ನಿಮ್ಮ ತೊಂದರೆ ಈ ಗುಂಪಿನಲ್ಲಿರುವ ಎಲ್ಲ ವಿಜ್ಞಾನ ಶಿಕ್ಷಕರದ್ದೂ ಹೌದು. ಒಂಬತ್ತನೇ ತರಗತಿ, ಕೋಣೆ ತುಂಬ ಮಕ್ಕಳು, 40 ನಿಮಿಷದ ಪೀರಿಯಡ್. “ಯಾಕೆ?” ಅಂದರೆ “ಪುಸ್ತಕದಲ್ಲಿದೆ ಮಿಸ್”. ಚರ್ಚೆಗೆ ಬಿಟ್ಟರೆ ಮುಂದಿನ ಬೆಂಚಿನ ಇಬ್ಬರದ್ದೇ ಮಾತು.

ನಿಮ್ಮ ಪ್ರಶ್ನೆಗೆ ಈ ಗುಂಪಿನಲ್ಲೇ ಒಬ್ಬರು ಸರ್, ಗ್ರಹಣ ಮತ್ತು ಮೂಢನಂಬಿಕೆಯಿಂದ ಶುರು ಮಾಡಿ ಅಂದಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗ್ರಹಣ ಬಿಡುವ ತನಕ ಒಲೆ ಹಚ್ಚದ ಮನೆಯಿಂದ ಬಂದ ಮಗು ಆ ಹೊತ್ತಿನಲ್ಲಿ ಪುರಾವೆ ಯೋಚಿಸುವುದಿಲ್ಲ, ಅಜ್ಜಿಯ ಮರ್ಯಾದೆ ಯೋಚಿಸುತ್ತದೆ. ಒಂದೋ ಬಾಯಿ ಮುಚ್ಚಿ ಕೂರುತ್ತದೆ, ಇಲ್ಲ ನಿಮಗೆ ಬೇಕಾದ ಉತ್ತರ ಒಪ್ಪಿಸಿಬಿಡುತ್ತದೆ. ಯಾರ ಮನೆಗೂ ತಾಗದ, ಕಣ್ಣೆದುರೇ ನಡೆಯುವ ಒಂದು ಸಂಗತಿ ಹಿಡಿಯಿರಿ. ಗ್ರಹಣಕ್ಕೆ ವರ್ಷದ ಕೊನೆಗೆ ಬಂದರಾಯಿತು.

ನಾನು ಹಿಡಿಯೋದು ನಮಗೆಲ್ಲ ಗೊತ್ತಿರುವ ಮೇಣದಬತ್ತಿ ಪ್ರಯೋಗ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. “ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು, ಅದಕ್ಕೇ ಐದನೇ ಒಂದು ಭಾಗ ಏರಿತು” ಅಂತ ನಮ್ಮಲ್ಲಿ ಬಹಳ ಜನ ಹೇಳಿಕೊಡುತ್ತೇವೆ. ಆ ವಿವರಣೆ ನಿಲ್ಲುವುದಿಲ್ಲ. ವಾದ ಕಲಿಸಲು ಇದು ಇಷ್ಟು ಒಳ್ಳೆಯದಾಗಿರುವುದೂ ಅದಕ್ಕೇ, ಪುಸ್ತಕದ ಮಾತು ಒಪ್ಪಿಸಿ ಪಾರಾಗಲು ಆಗುವುದಿಲ್ಲ.

ಮೊದಲ ಸಲ ತೋರಿಸಿ, ಏನೂ ಹೇಳಬೇಡಿ. ಎರಡು ನಿಮಿಷ ಎಲ್ಲರೂ ಮೌನವಾಗಿ ನೋಟ್‌ಬುಕ್ಕಿನಲ್ಲಿ “ನೀರು ಏಕೆ ಏರಿತು” ಅಂತ ಬರೆಯಲಿ. ಈ ಎರಡು ನಿಮಿಷ ಬಿಟ್ಟುಬಿಟ್ಟರೆ ಮುಂದಿನ ಬೆಂಚಿನವರು ಬಾಯಿ ಬಿಟ್ಟ ತಕ್ಷಣ ಉಳಿದವರ ಯೋಚನೆ ನಿಂತುಹೋಗುತ್ತದೆ. ಆಮೇಲೆ ಪಕ್ಕದವರ ಜೊತೆ ಮಾತು, ಆಮೇಲೆ ಬೋರ್ಡಿಗೆ. ಸಾಮಾನ್ಯವಾಗಿ ಮೂರು ಹೇಳಿಕೆ ಬರುತ್ತವೆ: ಆಮ್ಲಜನಕ ಖಾಲಿಯಾಯಿತು, ಬಿಸಿಗಾಳಿ ತಣಿದು ಕುಗ್ಗಿತು, ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿತು. ಎರಡನೆಯದು ಬರದಿದ್ದರೆ “ಬೇರೆ ಶಾಲೆಯ ಹುಡುಗಿಯೊಬ್ಬಳು ಹೀಗಂದಳು” ಅಂತ ನೀವೇ ಸೇರಿಸಿ.

ಈಗ ಮತ್ತೆ ಮಾಡಿ, ಈ ಸಲ ನೀರು ಏರುವುದು ಯಾವಾಗ ಅಂತ ಮಾತ್ರ ನೋಡಲು ಹೇಳಿ. ಲೋಟ ಇಳಿಸುವಾಗ ಅಂಚಿನಿಂದ ಗುಳ್ಳೆ ಹೊರಬರುತ್ತವೆ. ಬತ್ತಿ ಉರಿಯುವಷ್ಟು ಹೊತ್ತು ನೀರು ಹೆಚ್ಚೇನೂ ಏರುವುದಿಲ್ಲ. ಆರುತ್ತಿದ್ದಂತೆ ಸರ್ರನೆ ಮೇಲೇರುತ್ತದೆ. ನನ್ನ ತರಗತಿಯಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ್ದು ಇದನ್ನೇ: “ಆಮ್ಲಜನಕ ಖರ್ಚಾಗೋದು ಉರಿಯೋವಾಗಲ್ವಾ ಸರ್? ಹಂಗಾದ್ರೆ ಆರಿದ ಮೇಲೆ ಯಾಕೆ ಏರ್ತದೆ?” ಆಮೇಲೆ ಅದೇ ಲೋಟದಲ್ಲಿ ಮೂರು ಬತ್ತಿ ಇಡಿ. ಗಾಳಿ ಅಷ್ಟೇ, ಆಮ್ಲಜನಕವೂ ಅಷ್ಟೇ, ಆದರೆ ನೀರು ಇನ್ನೂ ಎತ್ತರಕ್ಕೆ ಹೋಗುತ್ತದೆ. ಕೊನೆಗೆ ಬತ್ತಿಯೇ ಬೇಡ: ಲೋಟವನ್ನು ಬಿಸಿನೀರಲ್ಲಿ ತೊಳೆದು, ಬಿಸಿಯಿರುವಾಗಲೇ ತಟ್ಟೆಯ ನೀರಿನಲ್ಲಿ ಬೋರಲು ಹಾಕಿ. ಆಗಲೂ ಏರುತ್ತದೆ. “ಅದು ಆವಿ ತಣಿದು ನೀರಾದದ್ದು” ಅಂತ ಯಾರಾದರೂ ಆಕ್ಷೇಪ ಎತ್ತಿದರೆ ಖುಷಿಪಡಿ, ಮಗು ಸರಿಯಾದ ಜಾಗದಲ್ಲೇ ಅನುಮಾನಪಟ್ಟಿದೆ. ಆವಿಯಿಲ್ಲದೆ ಒಣ ಲೋಟವನ್ನು ಹೇಗೆ ಬಿಸಿ ಮಾಡಬಹುದು ಅಂತ ಅದೇ ಗುಂಪಿಗೆ ಕೇಳಿ.

ಹತ್ತನೇ ತರಗತಿಯವರಿಗಾದರೆ ಸಮೀಕರಣವನ್ನೂ ಕೊಡಬಹುದು. ಮೇಣವನ್ನು ಸಿ25ಎಚ್52 ಅಂತ ಇಟ್ಟುಕೊಂಡು ಸರಿದೂಗಿಸಿದರೆ 38 ಆಮ್ಲಜನಕದ ಅಣುಗಳಿಗೆ 25 ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತವೆ. ಅಂದರೆ ಹೋದ ಅನಿಲದ ಮೂರನೇ ಎರಡು ಭಾಗ ಬೇರೆ ರೂಪದಲ್ಲಿ ಅಲ್ಲೇ ಇದೆ. ಅದು ಕರಗಿತು ಅನ್ನೋಣವೆಂದರೆ, ಕೆಲವೇ ಸೆಕೆಂಡಿನಲ್ಲಿ ಅಷ್ಟು ಕರಗುವುದಿಲ್ಲ. ಸಾಲದ್ದಕ್ಕೆ ಬತ್ತಿ ಆಮ್ಲಜನಕ ಪೂರ್ತಿ ಮುಗಿಯುವ ತನಕ ಉರಿಯುವುದೂ ಇಲ್ಲ, ಶೇ. 21 ಇದ್ದದ್ದು ಸುಮಾರು 16ಕ್ಕೆ ಇಳಿದಾಗಲೇ ಆರುತ್ತದೆ.

ಬರವಣಿಗೆಗೆ ಮೂರು ವಾಕ್ಯ ಸಾಕು, ಗೋಡೆಗೆ ಅಂಟಿಸಿಬಿಡಿ: “ನಾನು ಹೇಳುವುದು…”, “ನಾನು ನೋಡಿದ್ದು…”, “ನೋಡಿದ್ದರಿಂದ ಇದು ಹೇಗೆ ಗೊತ್ತಾಗುತ್ತದೆ ಅಂದರೆ…”. ಮೊದಲೆರಡು ಸಲೀಸು. ಮಕ್ಕಳು ಮುಗ್ಗರಿಸುವುದು ಮೂರನೆಯದರಲ್ಲಿ. “ಮೂರು ಬತ್ತಿಗೆ ಹೆಚ್ಚು ಏರಿತು, ಆದ್ದರಿಂದ ಬಿಸಿಯೇ ಕಾರಣ” ಅಂತ ಬರೆದು ಪೆನ್ನು ಇಡುತ್ತಾರೆ. ನಡುವಿನ ಕೊಂಡಿ ಎಲ್ಲಿ? “ಬತ್ತಿ ಜಾಸ್ತಿಯಾದರೆ ಗಾಳಿ ಜಾಸ್ತಿ ಬಿಸಿಯಾಗಿ ಹಿಗ್ಗಿ ಹೆಚ್ಚು ಹೊರಹೋಗುತ್ತದೆ, ಉಳಿದದ್ದು ತಣಿದಾಗ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳುತ್ತದೆ” ಅನ್ನುವ ತನಕ ಬಿಡಬೇಡಿ. ನಮ್ಮ ಹಳೆಯ ತರ್ಕಶಾಸ್ತ್ರವಾದ ‘ನ್ಯಾಯ’ದವರೂ ಈ ಕೊಂಡಿಯನ್ನು ಬಿಟ್ಟವರಲ್ಲ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ ಅಂದಷ್ಟಕ್ಕೆ ನಿಲ್ಲದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ ಅಂತ ಮೂರನೆಯದನ್ನೂ ಹೇಳಲೇಬೇಕಿತ್ತು. ಸಂಸ್ಕೃತ ಮೇಷ್ಟ್ರು ಇದ್ದರೆ ಅವರಿಂದಲೇ ಹೇಳಿಸಿ.

ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದ ಮಕ್ಕಳು ಇಲ್ಲಿ ಸ್ವಲ್ಪ ಕಷ್ಟ ಕೊಡುತ್ತಾರೆ, ಹೇಳಿಬಿಡುತ್ತೇನೆ! ಅಲ್ಲಿ ಪರವೋ ವಿರೋಧವೋ ಒಂದು ಹಿಡಿದರೆ ಕೊನೆವರೆಗೂ ಅದೇ. ಇಲ್ಲಿ ಪುರಾವೆ ನೋಡಿ ಪಕ್ಷ ಬದಲಿಸಿದವರಿಗೆ, ಏಕೆ ಬದಲಿಸಿದೆ ಅಂತ ಬರೆದರೆ, ಹೆಚ್ಚಿನ ಅಂಕ ಇಡಿ. ಪ್ರತಿ ಗುಂಪಿಗೂ ಒಂದು ಪ್ರಶ್ನೆ ಕಡ್ಡಾಯ: “ಏನು ಕಂಡರೆ ನಿಮ್ಮ ಮಾತು ತಪ್ಪು ಅಂತ ಒಪ್ಪುತ್ತೀರಿ?”

ನಿಮ್ಮ ಕಡೆಯಿಂದ ಎರಡು ಶಿಸ್ತು ಬೇಕು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಮಾತಾಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿಯೇ ತೋರಿಸಿದ್ದರು. ಎರಡನೆಯದು, ಸರಿ ಉತ್ತರ ಬಂದಾಗ “ವೆರಿ ಗುಡ್” ಅನ್ನಬೇಡಿ. ಅಂದಿರೋ, ಚರ್ಚೆ ಅಲ್ಲಿಗೆ ಮುಗಿಯಿತು. “ಇದಕ್ಕೆ ಯಾರು ಒಪ್ಪೋದಿಲ್ಲ?” ಅನ್ನಿ.

ಸಿಲಬಸ್ ಮುಗಿಯಲ್ಲ ಅನ್ನುವ ಚಿಂತೆಗೆ: ವಾರಕ್ಕೊಂದು ಮಾಡಲು ಹೋಗಬೇಡಿ. ತಿಂಗಳಿಗೊಂದು ಸಾಕು, ಅದನ್ನೇ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ದಾಖಲಿಸಿ. “ಕಾರಣ ಕೊಡಿ” ಪ್ರಶ್ನೆಗಳಿಗೆ ಮಕ್ಕಳು ಅಂಕ ಕಳೆದುಕೊಳ್ಳುವುದೂ ಆ ಮೂರನೇ ವಾಕ್ಯದಲ್ಲೇ.

ಪಾಠಕ್ಕೆ ಮೂರ್ನಾಲ್ಕು ದಿನ ಮೊದಲೇ ಇನ್ನೊಂದು ತಯಾರಿ. ಪ್ರನಾಳದ ಒಳಗೋಡೆ ಒದ್ದೆ ಮಾಡಿ, ಕಬ್ಬಿಣದ ಪುಡಿ ಅಂಟಿಸಿ, ನೀರಿರುವ ಬೀಕರಿನಲ್ಲಿ ಬೋರಲು ನಿಲ್ಲಿಸಿಡಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಬೇಡ, ಅದು ತುಕ್ಕು ಹಿಡಿಯುವುದಿಲ್ಲ. ತುಕ್ಕು ಆಮ್ಲಜನಕವನ್ನು ತೆಗೆದುಕೊಳ್ಳುತ್ತದೆ, ಬದಲಿಗೆ ಅನಿಲ ಬಿಡುವುದಿಲ್ಲ, ಬಿಸಿಯ ಗೊಂದಲವೂ ಇಲ್ಲ. ಅಲ್ಲಿ ನೀರು ನಿಜಕ್ಕೂ ಸುಮಾರು ಐದನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ. ಮೇಣದಬತ್ತಿಯ ಜಗಳ ಮುಗಿದ ಮೇಲೆ ಅದನ್ನು ಮೇಜಿನ ಮೇಲೆ ತಂದಿಟ್ಟು, ಸ್ಕೇಲ್ ಕೊಟ್ಟು ಅಳೆಯಲು ಹೇಳಿ.