ಕೇಬಲ್ಲಿಗೆ ತಕ್ಕ ಗ್ಲ್ಯಾಂಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಟಾರ್ಟರ್ ಪೆಟ್ಟಿಗೆಗಳ ನಿರ್ವಹಣೆಯ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಾಗ, ಕೇಬಲ್ ಪೆಟ್ಟಿಗೆಯನ್ನು ಹೊಗುವ ಜಾಗದಲ್ಲಿ ಅದನ್ನು ಬಿಗಿಹಿಡಿದು ಸಂದು ಮುಚ್ಚುವ ಗ್ಲ್ಯಾಂಡಿನ ಬಗ್ಗೆ ಒಂದೇ ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಕೆಲವು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಬೇಳೆ ಮಿಲ್ಲು. ಜರಡಿ ಯಂತ್ರದ ಮೋಟಾರಿನ ಟರ್ಮಿನಲ್ ಪೆಟ್ಟಿಗೆಯನ್ನು ಯಾವಾಗ ತೆರೆದರೂ ಒಳಗೆ ತೊಗರಿ ಹೊಟ್ಟಿನ ನುಣ್ಣನೆಯ ಪುಡಿ ಕೂತಿರುತ್ತದೆ. ಹಾಕಿರುವುದು ಐಪಿ 68 (ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತು) ಎಂದು ಅಚ್ಚಾದ ನೈಲಾನ್ ಗ್ಲ್ಯಾಂಡ್. ಮೋಟಾರಿನ ರಂಧ್ರ ಎಂ25, ಗ್ಲ್ಯಾಂಡ್ ಕೂಡ ಎಂ25. ತಪ್ಪು ಎಲ್ಲಿದೆ? (ಮಿಲ್ ಮೇಲ್ವಿಚಾರಕರು, ಕಲಬುರಗಿ)

ಉತ್ತರ: ನೀವು ರಂಧ್ರದ ಅಳತೆ ಬರೆದಿದ್ದೀರಿ, ಗ್ಲ್ಯಾಂಡಿನ ಅಳತೆ ಬರೆದಿದ್ದೀರಿ, ಕೇಬಲ್ಲಿನ ಅಳತೆಯನ್ನು ಮಾತ್ರ ಬರೆದಿಲ್ಲ. ತಪ್ಪು ಅಲ್ಲಿಯೇ ಇರಬೇಕು ಎಂಬುದು ನನ್ನ ಗುಮಾನಿ.

ಗ್ಲ್ಯಾಂಡ್ ಎಂಬುದು ಎರಡು ಬದಿಯ ಸಾಮಾನು. ಅದರ ಒಂದು ಬದಿಯ ಮರೆ (ತಿರುಪಿನ ಸುತ್ತುಗಳು) ಪೆಟ್ಟಿಗೆಯ ರಂಧ್ರಕ್ಕೆ ಕೂರುತ್ತದೆ; ಇನ್ನೊಂದು ಬದಿಯಲ್ಲಿ ತಲೆನಟ್ಟನ್ನು ತಿರುಗಿಸಿದಂತೆ ಒಳಗಿನ ರಬ್ಬರ್ ಉಂಗುರ ಕುಗ್ಗಿ ಕೇಬಲ್ಲಿನ ಮೈಯನ್ನು ಸುತ್ತಲೂ ಒತ್ತಿ ಹಿಡಿಯುತ್ತದೆ. ಎಂ25, ಅಂದರೆ 25 ಮಿ.ಮೀ. ವ್ಯಾಸದ ಮರೆ, ಎಂಬುದು ಮೊದಲ ಬದಿಯ ಹೆಸರೇ ಹೊರತು ಎರಡನೆಯದರದ್ದಲ್ಲ. ಎಷ್ಟು ದಪ್ಪದ ಕೇಬಲ್ಲನ್ನು ಅದು ಹಿಡಿಯಬಲ್ಲದು ಎಂಬುದಕ್ಕೆ ಬೇರೆಯೇ ಒಂದು ವ್ಯಾಪ್ತಿ ಇರುತ್ತದೆ, ಅದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಅಂಗಡಿಗಳಲ್ಲಿ ಸಿಗುವ ನೈಲಾನ್ ಎಂ25 ಗ್ಲ್ಯಾಂಡುಗಳಲ್ಲಿ ಅನೇಕವು 13ರಿಂದ 18 ಮಿ.ಮೀ. ದಪ್ಪದವನ್ನು, ಎಂ20 ಗ್ಲ್ಯಾಂಡುಗಳಲ್ಲಿ ಅನೇಕವು 6ರಿಂದ 12 ಮಿ.ಮೀ. ದಪ್ಪದವನ್ನು ಹಿಡಿಯುತ್ತವೆ. ಜರಡಿಯ ಸಣ್ಣ ಮೋಟಾರಿಗೆ ಬರುವ ನಾಲ್ಕು ಎಳೆಯ ಕೇಬಲ್ಲಿನ ದಪ್ಪ 10 ಮಿ.ಮೀ. ಆಸುಪಾಸಿನಲ್ಲಿದ್ದರೆ, ಎಂ25 ಗ್ಲ್ಯಾಂಡಿನ ತಲೆಯನ್ನು ನೀವು ಎಷ್ಟೇ ಬಿಗಿದರೂ ರಬ್ಬರು ಕೇಬಲ್ಲನ್ನು ಮುಟ್ಟುವುದಿಲ್ಲ, ಇಲ್ಲವೆ ಒಂದು ಪಕ್ಕದಲ್ಲಿ ಮಾತ್ರ ಮುಟ್ಟುತ್ತದೆ. ಐಪಿ 68 ಎಂಬ ಅಚ್ಚು ಸುಳ್ಳಲ್ಲ. ಆದರೆ ಆ ವ್ಯಾಪ್ತಿಯೊಳಗಿನ ದುಂಡನೆಯ ಕೇಬಲ್ಲಿಗೆ ಮಾತ್ರ ಅದು ಅನ್ವಯಿಸುತ್ತದೆ.

ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ, ಕೇಬಲ್ಲಿನ ಸುತ್ತ ಒಂದು ದಾರವನ್ನು ಬಿಗಿಯಾಗಿ ಸುತ್ತಿ, ಸುತ್ತಳತೆಯನ್ನು ಸ್ಕೇಲಿನಲ್ಲಿ ನೋಡಿ 3.14ರಿಂದ ಭಾಗಿಸಿದರೆ ಸಾಕು: ದಾರ 31 ಮಿ.ಮೀ. ಬಂದರೆ ಕೇಬಲ್ 10 ಮಿ.ಮೀ. ಇದೆ. ತಾಮ್ರದ ಅಡ್ಡಕೊಯ್ತವನ್ನು ಹೇಳುವ 1.5 ಅಥವಾ 2.5 ಚದರ ಮಿ.ಮೀ. ಎಂಬ ಅಂಕಿಯಿಂದ ಹೊರದಪ್ಪವನ್ನು ಊಹಿಸಲು ಹೋಗಬೇಡಿ. ಅಳತೆ ವ್ಯಾಪ್ತಿಯ ಅಂಚಿನಲ್ಲಿ ಬಿದ್ದರೆ ಪಕ್ಕದ ಅಳತೆಯ ಗ್ಲ್ಯಾಂಡನ್ನೂ ನೋಡಿ, ಕೇಬಲ್ ಯಾವುದರ ನಡುಭಾಗಕ್ಕೆ ಬರುತ್ತದೆಯೋ ಅದನ್ನೇ ಕೊಳ್ಳಿ. ನಿಮ್ಮ ಮೋಟಾರಿಗೆ ಎಂ25ರಿಂದ ಎಂ20ಕ್ಕೆ ಇಳಿಸುವ ರೆಡ್ಯೂಸರ್ ಒಂದನ್ನು ತಂದು, ಅದರೊಳಗೆ ಎಂ20 ಗ್ಲ್ಯಾಂಡ್ ಕೂರಿಸುವುದು ಸರಿಯಾದ ದಾರಿ. ಕೇಬಲ್ಲಿಗೆ ಟೇಪು ಸುತ್ತಿ ದಪ್ಪ ಮಾಡುವ ಪದ್ಧತಿಯನ್ನು ನಾನು ಅನೇಕ ಮಿಲ್ಲುಗಳಲ್ಲಿ ಕಂಡಿದ್ದೇನೆ. ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ, ಜರಡಿಯ ನಡುಕಕ್ಕೆ ಕೇಬಲ್ ಮೆಲ್ಲನೆ ಜಾರತೊಡಗುತ್ತದೆ.

ಜಾರುವುದೇ ಧೂಳಿಗಿಂತ ದೊಡ್ಡ ಅಪಾಯ. ಗ್ಲ್ಯಾಂಡ್ ಕೇಬಲ್ಲನ್ನು ಹಿಡಿಯದಿದ್ದರೆ, ಎಳೆತವೂ ನಡುಕವೂ ನೇರವಾಗಿ ಒಳಗಿನ ಟರ್ಮಿನಲ್ಲಿಗೆ ಹೋಗುತ್ತವೆ. ಟರ್ಮಿನಲ್ ಸಡಿಲಾದಲ್ಲಿ ಬಿಸಿ ಹುಟ್ಟುತ್ತದೆ. ಆ ಬಿಸಿಯ ಪಕ್ಕದಲ್ಲಿಯೇ ನಿಮ್ಮ ಹೊಟ್ಟಿನ ಪುಡಿ ಕೂತಿದೆ. ಧಾನ್ಯದ ಧೂಳು ಉರಿಯುವ ವಸ್ತು, ಗಾಳಿಯಲ್ಲಿ ದಟ್ಟವಾಗಿ ತೇಲಿದರೆ ಸಿಡಿಯಲೂಬಲ್ಲದು. ಆದ್ದರಿಂದ ಎಲಿವೇಟರಿನ ಒಳಭಾಗ, ಧೂಳು ಸಂಗ್ರಾಹಕ, ಮುಚ್ಚಿದ ಕಣಜ ಮುಂತಾದ ಕಡೆ ಸಾಮಾನ್ಯ ಗ್ಲ್ಯಾಂಡ್ ಸಾಲದು. ಐಎಸ್/ಐಇಸಿ 60079 ಸರಣಿಯ ಮಾನಕಗಳಂತೆ ಉರಿಯುವ ಧೂಳಿನ ಜಾಗಕ್ಕೆಂದೇ ಪ್ರಮಾಣಪತ್ರ ಪಡೆದವನ್ನೇ ಬಳಸಬೇಕು. ಯಾವ ಜಾಗ ಆ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಬಲ್ಲ ಎಂಜಿನಿಯರರು ಬಂದು ನೋಡಿ ನಿರ್ಧರಿಸಬೇಕು, ಪತ್ರದಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ.

ಪ್ರಶ್ನೆ: ಹೊಲದ ಬೋರ್‌ವೆಲ್ಲಿಗೆ ಚಪ್ಪಟೆ ಕೇಬಲ್ ಇದೆ. ಸ್ಟಾರ್ಟರ್ ಡಬ್ಬಿಗೆ ಗ್ಲ್ಯಾಂಡ್ ಹಾಕಿಸಿದರೂ ಇರುವೆ, ಹಲ್ಲಿ ಒಳಗೆ ಸೇರಿ ಕಾಂಟ್ಯಾಕ್ಟರ್ (ಮೋಟಾರಿಗೆ ವಿದ್ಯುತ್ ಜೋಡಿಸುವ ಸ್ವಿಚ್) ಕೆಡುತ್ತಿದೆ. ಮಳೆ ಬಂದರೆ ಒಳಗೆ ನೀರ ಹನಿಗಳು ಕಾಣುತ್ತವೆ. (ರೈತರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಉತ್ತರ: ಸಬ್‌ಮರ್ಸಿಬಲ್ ಪಂಪಿನ ಮೂರು ಎಳೆಯ ಕೇಬಲ್ಲಿನಲ್ಲಿ ಎಳೆಗಳು ಸಾಲಾಗಿ ಕೂತಿರುವುದರಿಂದ ಅದರ ಅಗಲ ದಪ್ಪದ ಎರಡು ಪಟ್ಟಿಗೂ ಹೆಚ್ಚಿರುತ್ತದೆ. ದುಂಡನೆಯ ಉಂಗುರ ಅಂಥ ಕೇಬಲ್ಲನ್ನು ಎರಡು ತುದಿಗಳಲ್ಲಿ ಹಿಸುಕುತ್ತದೆಯೇ ವಿನಾ ಮೇಲೆ ಕೆಳಗೆ ಉಳಿಯುವ ಸಂದನ್ನು ಮುಚ್ಚುವುದಿಲ್ಲ. ಇರುವೆಗೆ ಅದು ಹೆಬ್ಬಾಗಿಲು. ಸಂದು ದೊಡ್ಡದಿದ್ದಲ್ಲಿ ಹಲ್ಲಿಮರಿಯೂ ನುಸುಳುತ್ತದೆ.

ಇದಕ್ಕೆ ಚಪ್ಪಟೆ ಸೀಳಿರುವ ರಬ್ಬರಿನ ಒಳಬಿಲ್ಲೆಗಳು ಬರುತ್ತವೆ. ಗ್ಲ್ಯಾಂಡಿನ ದುಂಡು ಉಂಗುರವನ್ನು ತೆಗೆದು ಅದರ ಜಾಗದಲ್ಲಿ ಇವನ್ನು ಕೂರಿಸಬೇಕು. ಕೊಳ್ಳುವಾಗ ಒಂದು ಗೇಣು ಕೇಬಲ್ ತುಂಡನ್ನು ಜೊತೆಗೆ ಒಯ್ಯಿರಿ, ಅಂಗಡಿಯವರ ಅಂದಾಜಿಗಿಂತ ಅದು ಮೇಲು. ಸ್ಟಾರ್-ಡೆಲ್ಟಾ ಸ್ಟಾರ್ಟರಿದ್ದು ಎರಡು ಚಪ್ಪಟೆ ಕೇಬಲ್ಲುಗಳು ಬರುವಂತಿದ್ದರೆ ಎರಡನ್ನೂ ಒಂದೇ ರಂಧ್ರದಲ್ಲಿ ತುರುಕದೆ ಒಂದೊಂದಕ್ಕೆ ಒಂದೊಂದು ಗ್ಲ್ಯಾಂಡ್ ಕೊಡಿ. ಅಂಥ ಒಳಬಿಲ್ಲೆ ಸಿಗದೇ ಹೋದರೆ ಬೋರ್‌ವೆಲ್ಲಿನ ಬಾಯಿಯ ಹತ್ತಿರ ಮಳೆ ತಾಗದ ಜಂಕ್ಷನ್ ಪೆಟ್ಟಿಗೆಯೊಂದನ್ನು ನಿಲ್ಲಿಸಿ, ಅಲ್ಲಿಂದ ಸ್ಟಾರ್ಟರ್ ತನಕ ದುಂಡನೆಯ ಕೇಬಲ್ ತರಬಹುದು; ಖರ್ಚು ಹೆಚ್ಚಾದರೂ ಮುಂದೆ ಪಂಪು ಎತ್ತುವಾಗ ಸ್ಟಾರ್ಟರ್ ಬಿಚ್ಚುವ ಕೆಲಸ ತಪ್ಪುತ್ತದೆ. ಸಂದಿಗೆ ಸಿಲಿಕೋನ್ ಮೇಣ ಮೆತ್ತುವವರೂ ಇದ್ದಾರೆ. ಹುಳಿಯಾದ ವಿನೆಗರ್ ವಾಸನೆ ಬರುವ ಸಿಲಿಕೋನ್ ಆರುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದು ತಾಮ್ರವನ್ನು ತಿನ್ನುತ್ತದೆ. ಮೆತ್ತಲೇಬೇಕಿದ್ದರೆ ನ್ಯೂಟ್ರಲ್ ಬಗೆಯದನ್ನು ಕೇಳಿ ತನ್ನಿ.

ನೀರ ಹನಿಗಳ ಮಾತು ಬೇರೆ. ನಮ್ಮ ಕಡೆಯ ಬಿಸಿಲಿಗೆ ತಗಡಿನ ಡಬ್ಬಿ ಕಾದು ಒಳಗಿನ ಗಾಳಿ ಹಿಗ್ಗಿ ಹೊರಹೋಗಿರುತ್ತದೆ. ಸಂಜೆ ಮಳೆ ಹೊಡೆದು ಡಬ್ಬಿ ಒಮ್ಮೆಲೇ ತಣಿದಾಗ ಅದು ಸಿಕ್ಕ ಸಂದಿನಿಂದ ತೇವದ ಗಾಳಿಯನ್ನು, ಕೆಲವೊಮ್ಮೆ ಸಂದಿನ ಮೇಲೆ ನಿಂತ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಹೀಗಾಗಿ ಕೇಬಲ್ಲನ್ನು ಡಬ್ಬಿಯ ತಳದಿಂದಲೇ ಒಳಗೆ ತನ್ನಿ, ಎಂದಿಗೂ ತಲೆಯ ಮೇಲಿನಿಂದ ಬೇಡ. ಒಳಹೋಗುವ ಮೊದಲು ಅದನ್ನು ಜೋಲಿಯಂತೆ ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿದರೆ ಮೈಮೇಲೆ ಹರಿದ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಎಲ್ಲ ಗ್ಲ್ಯಾಂಡುಗಳೂ ಸರಿಯಿದ್ದು ಆಮೇಲೂ ತೇವ ಕಂಡರೆ ತಳದಲ್ಲಿ ಬ್ರೀದರ್ ಡ್ರೇನ್ ಎಂಬ ಸಣ್ಣ ಬಿರಡೆಯನ್ನು ಹಾಕಿಸಿ. ಗಾಳಿಯ ಒತ್ತಡ ಸರಿಹೋಗಿ, ಸೇರಿದ ನೀರೂ ಇಳಿದುಹೋಗುತ್ತದೆ. ಬಿಸಿಲಲ್ಲಿರುವ ಡಬ್ಬಿಗೆ ಬೂದು ಬಣ್ಣದ ನೈಲಾನಿಗಿಂತ, ಬಿಸಿಲು ತಾಳಲೆಂದು ಮಾಡಿದ ಕಪ್ಪು ಗ್ಲ್ಯಾಂಡ್ ಹೆಚ್ಚು ಕಾಲ ಬಾಳುತ್ತದೆ. ಈ ಕೆಲಸಕ್ಕೆ ಕೈಹಾಕುವ ಮುನ್ನ ಕಂಬದಿಂದಲೇ ವಿದ್ಯುತ್ ಕಡಿತವಾಗಿದೆಯೆಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಹೇಳಲಿ. ಸ್ಟಾರ್ಟರಿನ ಗುಂಡಿ ಒತ್ತಿ ನಿಲ್ಲಿಸಿದ ಮಾತ್ರಕ್ಕೆ ಒಳಬರುವ ತಂತಿಗಳಲ್ಲಿ ವಿದ್ಯುತ್ ನಿಂತಿರುವುದಿಲ್ಲ.

ಪ್ರಶ್ನೆ: ಹಳೆಯ ಯಂತ್ರದ ಪ್ಯಾನೆಲ್ಲಿಗೆ ಎಂ20 ಗ್ಲ್ಯಾಂಡ್ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಮುಂದೆ ಹೋಗುವುದಿಲ್ಲ. ಗ್ಲ್ಯಾಂಡೇ ಕಳಪೆಯೇ? ಕ್ಯಾಟಲಾಗಿನಲ್ಲಿ ಕಂಡ ‘ಕಾರ್ಡ್ ಗ್ರಿಪ್’ ಎಂದರೇನು? (ಐಟಿಐ ವಿದ್ಯಾರ್ಥಿ, ಹುಮನಾಬಾದ್)

ಉತ್ತರ: ಗ್ಲ್ಯಾಂಡಿನ ತಪ್ಪಲ್ಲ. ನಿಮ್ಮ ಪ್ಯಾನೆಲ್ಲಿನಲ್ಲಿರುವುದು ಜರ್ಮನಿಯ ಹಳೆಯ ಪಿಜಿ ಮರೆ ಆಗಿರಬಹುದು. ಪಿಜಿ 13.5 ಮರೆಯ ಹೊರವ್ಯಾಸ 20.4 ಮಿ.ಮೀ., ಎರಡು ಸುತ್ತುಗಳ ನಡುವಿನ ಅಂತರ 1.41 ಮಿ.ಮೀ.; ಎಂ20ರದು ಕ್ರಮವಾಗಿ 20 ಮತ್ತು 1.5. ಕಣ್ಣಿಗೆ ಎರಡೂ ಒಂದೇ. ಆದ್ದರಿಂದ ಮೊದಲ ಸುತ್ತುಗಳು ನೆಂಟರಂತೆ ಒಳಗೆ ಹೋಗಿ, ಅನಂತರ ಅಂತರದ ವ್ಯತ್ಯಾಸ ಸೇರುತ್ತ ಸೇರುತ್ತ ಬಿಗಿದುಕೊಳ್ಳುತ್ತದೆ. ಪಾನಾ ಹಾಕಿ ಒತ್ತಾಯಿಸಿದರೆ ನೈಲಾನಿನ ಮರೆ ಕಿತ್ತುಹೋಗುತ್ತದೆ, ಕೂತಂತೆ ಕಂಡರೂ ಧೂಳು ನೀರು ನಿಲ್ಲುವುದಿಲ್ಲ. ಪಿಜಿ ಹೆಸರಿನಲ್ಲಿರುವ ಅಂಕಿ ಮರೆಯ ವ್ಯಾಸವಲ್ಲ ಎಂಬುದನ್ನೂ ಗಮನಿಸಿ: ಪಿಜಿ 16ರ ವ್ಯಾಸ 22.5, ಪಿಜಿ 21ರದು 28.3 ಮಿ.ಮೀ. ಅಮೆರಿಕದ ಯಂತ್ರಗಳಲ್ಲಿ ಎನ್‌ಪಿಟಿ ಎಂಬ ಮೂರನೆಯ ಬಗೆ ಬರುತ್ತದೆ, ಅದರ ಮರೆ ತುದಿಗೆ ಸಣ್ಣದಾಗುತ್ತ ಹೋಗುತ್ತದೆ. ನೀವು ಕ್ಯಾಟಲಾಗಿನಲ್ಲಿ ಕಂಡ ‘ಕಾರ್ಡ್ ಗ್ರಿಪ್’ ಎಂಬ ಹೆಸರೂ ಆ ದೇಶದ್ದೇ. ನಮ್ಮ ಅಂಗಡಿಗಳಲ್ಲಿ ಗ್ಲ್ಯಾಂಡ್ ಎಂದು ಕೇಳಿದರೆ ಸಿಗುವ ವಸ್ತುವೇ ಅದು. ಇಂಥ ಗೊಂದಲಕ್ಕೆ ಕೊನೆ ಹಾಡುವ ಪಿಚ್ ಗೇಜ್ (ಮರೆಯ ಸುತ್ತುಗಳ ಅಂತರ ಅಳೆಯುವ ಸಾಧನ) ಒಂದನ್ನು ಸಲಕರಣೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ನೈಲಾನ್ ಬೇಡ, ಎಲ್ಲ ಕಡೆ ಹಿತ್ತಾಳೆಯದೇ ಹಾಕಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಮ್ಮದು ಎಮ್ಮೆಗಳ ಡೈರಿ, ಮೇವು ಕತ್ತರಿಸುವ ಯಂತ್ರಗಳೂ ಕೊಟ್ಟಿಗೆಯಲ್ಲಿಯೇ ಇವೆ. (ಹೈನುಗಾರರು, ಭಾಲ್ಕಿ)

ಉತ್ತರ: ಗಟ್ಟಿತನದ ವಿಷಯದಲ್ಲಿ ಗುತ್ತಿಗೆದಾರರ ಮಾತು ಸರಿ, ಜಾಗದ ವಿಷಯದಲ್ಲಿ ಸರಿಯಲ್ಲ. ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಯ ವೈರಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದವರು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ಯಾರೂ ಮುಟ್ಟದೆಯೇ ಸೀಳುತ್ತಿದ್ದವು. ಎಳೆತಕ್ಕೆ ಸಿಕ್ಕಿದ ಹಿತ್ತಾಳೆಯನ್ನು ಲಾಯದ ಅಮೋನಿಯಾ ಬಿರಿಯುವಂತೆ ಮಾಡುತ್ತದೆ ಎಂಬುದು 1921ರಲ್ಲಿ ವಿವರಿಸಲ್ಪಟ್ಟಿತು. ಬಿಗಿದ ಗ್ಲ್ಯಾಂಡಿನ ತಲೆನಟ್ಟು ಕೂಡ ಸದಾ ಎಳೆತದಲ್ಲಿಯೇ ಇರುತ್ತದೆ. ನಿಕಲ್ ಲೇಪನ ಸ್ವಲ್ಪ ಕಾಲ ಕಾಯುತ್ತದೆ, ಪಾನಾದ ಗೀರು ಬಿದ್ದಲ್ಲಿಂದ ಅದರ ಕಾವಲು ಮುಗಿಯಿತು. ಕೊಟ್ಟಿಗೆಯಲ್ಲಿ ಒಳ್ಳೆಯ ನೈಲಾನನ್ನೇ ಬಳಸಿ. ಪೆಟ್ಟು ಬೀಳುವ ಮೇವಿನ ಯಂತ್ರದ ಬಳಿ ಸ್ಟೇನ್‌ಲೆಸ್ ಸ್ಟೀಲಿನದು ಇರಲಿ. ಹಾಲಿನ ಕೋಣೆಯನ್ನು ಪೈಪಿನಿಂದ ತೊಳೆಯುವುದಾದರೆ ಐಪಿ 66 ಮಟ್ಟದ್ದು ಬೇಕು. ನಿಮಿಷಕ್ಕೆ 100 ಲೀಟರ್ ನೀರಿನ ಜೋರು ಧಾರೆಗೆ ಅದನ್ನು ಪರೀಕ್ಷಿಸಿರುತ್ತಾರೆ, ಐಪಿ 65ಕ್ಕೆ 12.5 ಲೀಟರ್ ಮಾತ್ರ.

ಪ್ರಶ್ನೆ: ಸಿಮೆಂಟ್ ಕಾರ್ಖಾನೆಗಳಲ್ಲಿ ಆರ್ಮರ್ಡ್ (ಉಕ್ಕಿನ ತಂತಿಗಳ ಕವಚವಿರುವ) ಕೇಬಲ್ ಎಳೆಯುವ ಗುತ್ತಿಗೆ ಮಾಡುತ್ತೇವೆ. ಸಿಂಗಲ್ ಕಂಪ್ರೆಷನ್ ಗ್ಲ್ಯಾಂಡ್ ಸಾಕೇ, ಡಬಲ್ ಬೇಕೇ? (ಗುತ್ತಿಗೆದಾರರು, ಸೇಡಂ)

ಉತ್ತರ: ಒಣಗಿದ, ಮುಚ್ಚಿದ ಪ್ಯಾನೆಲ್ ಕೋಣೆಯೊಳಗೆ ಸಿಂಗಲ್ ನಡೆಯುತ್ತದೆ. ಧೂಳು, ಮಳೆ, ನಡುಕ ಇರುವಲ್ಲೆಲ್ಲ ಡಬಲ್ ಕಂಪ್ರೆಷನ್ ಹಾಕಿ: ಅದರಲ್ಲಿ ಒಂದು ಉಂಗುರ ಒಳಕವಚವನ್ನೂ ಇನ್ನೊಂದು ಹೊರಕವಚವನ್ನೂ ಹಿಡಿಯುತ್ತದೆ, ನಡುವೆ ಶಂಕುವಿನಾಕಾರದ ಬಿಡಿಭಾಗ ಉಕ್ಕಿನ ತಂತಿಗಳನ್ನು ಕಚ್ಚುತ್ತದೆ. ಆರಿಸುವಾಗ ಒಳಕವಚದ ವ್ಯಾಸ, ತಂತಿಯ ದಪ್ಪ, ಹೊರಕವಚದ ವ್ಯಾಸ ಈ ಮೂರೂ ಬೇಕು. ಒಂದನ್ನೇ ಅಳೆದು ತಂದ ಗ್ಲ್ಯಾಂಡುಗಳು ಚೀಲಗಟ್ಟಲೆ ಮೂಲೆಯಲ್ಲಿ ಬಿದ್ದಿರುವುದನ್ನು ನಾನು ನೋಡಿದ್ದೇನೆ. ದೋಷವಾದಾಗ ವಿದ್ಯುತ್ ಆ ಉಕ್ಕಿನ ತಂತಿಗಳ ಮೂಲಕವೂ ನೆಲಕ್ಕೆ ಹೋಗಬೇಕಾದ್ದರಿಂದ ಅರ್ಥ್ ಟ್ಯಾಗ್ (ಗ್ಲ್ಯಾಂಡನ್ನು ಅರ್ಥ್ ತಂತಿಗೆ ಜೋಡಿಸುವ ಲೋಹದ ಬಿಲ್ಲೆ) ಬಿಡಬೇಡಿ, ಪ್ಯಾನೆಲ್ಲಿನ ಬಣ್ಣವನ್ನು ಅದು ಕೂರುವ ಜಾಗದಲ್ಲಿ ಕೆರೆದು ಲೋಹ ಕಾಣುವಂತೆ ಮಾಡಿ. ಒದ್ದೆಯಾದ ಸಿಮೆಂಟ್ ಧೂಳು ಕ್ಷಾರ. ಅದು ಅಲ್ಯುಮಿನಿಯಂ ಗ್ಲ್ಯಾಂಡುಗಳನ್ನು ತಿನ್ನುತ್ತದೆ, ಹಿತ್ತಾಳೆಯೇ ಅಲ್ಲಿ ವಾಸಿ.

ಒಂಟಿ ಎಳೆಯ ದಪ್ಪ ಕೇಬಲ್ಲುಗಳನ್ನು ಮಾತ್ರ ಉಕ್ಕಿನ ತಟ್ಟೆಯಲ್ಲಿ ಬೇರೆ ಬೇರೆ ರಂಧ್ರಗಳಿಂದ ತರಬೇಡಿ. ಪ್ರತಿ ಕೇಬಲ್ಲಿನ ಸುತ್ತ ಏಳುವ ಕಾಂತಕ್ಷೇತ್ರ ಉಕ್ಕಿನಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ ತಟ್ಟೆಯೇ ಬಿಸಿಯಾಗುತ್ತದೆ. ಆ ಜಾಗಕ್ಕೆ ಅಲ್ಯುಮಿನಿಯಂ ಅಥವಾ ಹಿತ್ತಾಳೆಯ ತಟ್ಟೆಯಿರಲಿ. ಧೂಳು ಒದ್ದೆಯಾಗುವ ಕಡೆ ಹಿತ್ತಾಳೆಯದೇ ಇರಲಿ.

ಪ್ರಶ್ನೆ: ಫರ್ಸಿ (ನೆಲಹಾಸು ಕಲ್ಲು) ಪಾಲಿಶ್ ಯಂತ್ರದ ಕೇಬಲ್ ಗ್ಲ್ಯಾಂಡಿನ ಬುಡದಲ್ಲಿಯೇ ಆರು ತಿಂಗಳಿಗೊಮ್ಮೆ ತುಂಡಾಗುತ್ತದೆ. ಗಟ್ಟಿಯಾಗಿಯೇ ಬಿಗಿದಿದ್ದೇವೆ. (ಕಲ್ಲು ಘಟಕದವರು, ಶಹಾಬಾದ್)

ಉತ್ತರ: ಬಹುಶಃ ಅತಿಯಾಗಿ ಬಿಗಿದಿದ್ದೀರಿ. ಒತ್ತಡಕ್ಕೆ ಪಿವಿಸಿ ಕವಚ ಮೆಲ್ಲನೆ ಪಕ್ಕಕ್ಕೆ ಸರಿದು ತೆಳುವಾಗುತ್ತದೆ, ಯಂತ್ರ ಅತ್ತಿತ್ತ ಓಡಾಡುವಾಗ ಇಡೀ ಬಾಗು ಆ ಒಂದೇ ಗೆರೆಯಲ್ಲಿ ಬೀಳುತ್ತದೆ. ಕೇಬಲ್ಲನ್ನು ರಬ್ಬರ್ ಕವಚದ ಮೆತುವಾದ ಬಗೆಗೆ ಬದಲಿಸಿ, ಬಾಲದಲ್ಲಿ ಸುರುಳಿಯಿರುವ ಗ್ಲ್ಯಾಂಡನ್ನು ಹಾಕಿ. ಸುರುಳಿ ಬಾಗನ್ನು ಉದ್ದಕ್ಕೆ ಹಂಚುತ್ತದೆ. ತಯಾರಕರು ಕೊಟ್ಟ ಟಾರ್ಕ್ (ತಿರುಗಿಸುವ ಬಲ) ಅಂಕಿಯಷ್ಟೇ ಬಿಗಿದು, ಕೆಲವು ದಿನಗಳ ಬಳಿಕ ಒಮ್ಮೆ ಮತ್ತೆ ಪರೀಕ್ಷಿಸಿ. ಕೇಬಲ್ಲನ್ನು ಹಿಡಿದು ಯಂತ್ರ ಎಳೆಯುವ ರೂಢಿಯಿದ್ದರೆ ಅದನ್ನು ಇಂದೇ ನಿಲ್ಲಿಸಿ, ಜಾಲರಿ ಹಿಡಿಕೆಯೊಂದನ್ನು ಯಂತ್ರದ ಚೌಕಟ್ಟಿಗೆ ಕಟ್ಟಿ ಎಳೆತವನ್ನು ಅದಕ್ಕೆ ವಹಿಸಿ. ನೀರು ಮತ್ತು ಕಲ್ಲಿನ ಕೆಸರಿನ ನಡುವೆ ಬರಿಗಾಲಲ್ಲಿ ಕೆಲಸ ಮಾಡುವವರಿದ್ದಾರೆ. ಆ ಯಂತ್ರದ ಸರಬರಾಜಿಗೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತವಾಗುವ ರಕ್ಷಣಾ ಸ್ವಿಚ್ ಇದೆಯೇ ಎಂಬುದನ್ನು ಗ್ಲ್ಯಾಂಡ್ ತರಲು ಹೋಗುವ ಮುನ್ನವೇ ನೋಡಿ.