ಓಡುವ ಯೂನಿಸೈಕಲ್ ಮೇಲೆ ನೆಗೆತ

ಪ್ರಶ್ನೆ: ನಿಂತಲ್ಲೇ ಯೂನಿಸೈಕಲ್ (ಒಂದೇ ಚಕ್ರದ ಸೈಕಲ್) ಕುಪ್ಪಳಿಸಬಲ್ಲೆ. ಓಡುತ್ತಿರುವಾಗ ನೆಗೆದರೆ ಮುಗ್ಗರಿಸುತ್ತೇನೆ. ಏನು ಮಾಡಲಿ ಸರ್?
– ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಮೊದಲು ಪೆಡಲ್ ಗಮನಿಸಿ. ಅದು ನೇರವಾಗಿ ಚಕ್ರಕ್ಕೇ ಜೋಡಣೆಯಾಗಿರುವುದರಿಂದ ಚಕ್ರ ತಿರುಗಿದಷ್ಟೂ ಕಾಲು ತಿರುಗಲೇಬೇಕು. ಎರಡೂ ಪೆಡಲ್ ನೆಲದಿಂದ ಒಂದೇ ಎತ್ತರಕ್ಕೆ ಬಂದ ಕ್ಷಣದಲ್ಲೇ ನೆಗೆಯಿರಿ. ಒಂದು ಕಾಲು ಕೆಳಗಿದ್ದರೆ ಒತ್ತು ಸಿಗುವುದಿಲ್ಲ. 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಸಾಗುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೂರು ಸುತ್ತಿನಷ್ಟು ಹಿಂದಿನಿಂದ, ನಿಮಗೆ ಸಲೀಸಾದ ಕಾಲನ್ನು ಮುಂದಿಟ್ಟು ಹೊರಡಿ. ಗೆರೆಯ ಬಳಿ ಅದೇ ಕಾಲು ಮುಂದೆ ಬರುತ್ತದೆ. ನೆಗೆಯುವಾಗ ಒಂದು ಕೈ ಸೀಟಿನ ಹಿಡಿಯನ್ನು ಮೇಲಕ್ಕೆಳೆಯಲಿ. ಚಕ್ರ ನೆಲ ಮುಟ್ಟಿದೊಡನೆ ತುಳಿತ ಮುಂದುವರಿಸಿ. ನೀವು ಮುಗ್ಗರಿಸುತ್ತಿರುವುದು ಬಹುಶಃ ಅಲ್ಲೇ. ಎತ್ತರದ ಆಸೆ ಸದ್ಯಕ್ಕೆ ಬೇಡ, ಗೆರೆ ದಾಟಿದರೆ ಸಾಕು. ಹೆಲ್ಮೆಟ್ ಇಲ್ಲದೆ ಮಾತ್ರ ದಯವಿಟ್ಟು ಹತ್ತಬೇಡಿ.